ಫ್ಲಿಪ್ಪರ್‌ಗೆ ಎಣ್ಣೆ ಬಿಡಬೇಡಿ

ಪ್ರಶ್ನೆ: ಶಿಕಾಗೋದಲ್ಲಿದ್ದೇನೆ. 1980ರ ಹೊತ್ತಿನ ಪಿನ್‌ಬಾಲ್ ಮಷೀನ್ ಕೊಂಡೆ. ಚೆಂಡನ್ನು ಮೇಲಕ್ಕೆ ಹೊಡೆಯುವ ಫ್ಲಿಪ್ಪರ್‌ಗೆ ಜೋರೇ ಇಲ್ಲ, ಚೆಂಡು ಅರ್ಧಕ್ಕೇ ವಾಪಸ್ ಬರುತ್ತದೆ. ಎಣ್ಣೆ ಬಿಡಲೇ?

ಉತ್ತರ: ಎಣ್ಣೆ ಮಾತ್ರ ಬೇಡ! ಕಾಯಿಲ್ (ತಂತಿಸುರುಳಿ) ಒಳಗಿನ ಪ್ಲಂಜರ್, ಅಂದರೆ ಹಿಂದೆಮುಂದೆ ಜಾರುವ ಲೋಹದ ಕಡ್ಡಿ, ಒಣಗಿದ್ದರೇನೇ ಚೆನ್ನಾಗಿ ಓಡುವುದು, ಎಣ್ಣೆ ಬಿದ್ದರೆ ಧೂಳು ಸೇರಿ ಕಪ್ಪು ಅಂಟಾಗಿ ಕೂರುತ್ತದೆ. ಮೊದಲು ಪ್ಲಗ್ ಕೀಳಿ. ಗಾಜು ಸರಿಸಿ, ಚೆಂಡು ತೆಗೆದು, ಆಟದ ಹಲಗೆ ಎತ್ತಿ ನೋಡಿ. ಸಾಮಾನ್ಯವಾಗಿ ಕಾಯಿಲ್‌ನ ಸ್ಲೀವ್ (ಒಳಗಿನ ಕೊಳವೆ) ಸವೆದಿರುತ್ತದೆ, ಇಲ್ಲವೇ ಪ್ಲಂಜರ್ ತುದಿ ಏಟು ತಿಂದೂ ತಿಂದೂ ಅಣಬೆಯ ಹಾಗೆ ಅಗಲವಾಗಿರುತ್ತದೆ. ಎರಡೂ ಈಗಲೂ ಹೊಸದು ಸಿಗುತ್ತವೆ, ಹಾಕಿಬಿಡಿ. ಪಕ್ಕದ ಸ್ವಿಚ್‌ನ ಕಾಂಟ್ಯಾಕ್ಟ್ ಸುಟ್ಟಿದ್ದರೆ ಸಣ್ಣ ಅರದಿಂದ ಉಜ್ಜಿ. ಹಿಂದಿನ ಪೆಟ್ಟಿಗೆಯ ಬೋರ್ಡ್ ಮೇಲೆ ಹಳೇ ಬ್ಯಾಟರಿ ಇದ್ದರೆ ಇವತ್ತೇ ತೆಗೆಯಿರಿ, ಸೋರಿದರೆ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಅಂದಹಾಗೆ, ಈ ಫ್ಲಿಪ್ಪರ್ ಶುರುವಾಗಿದ್ದು ನಿಮ್ಮೂರಲ್ಲೇ ಅಲ್ವಾ, 1947ರಲ್ಲಿ, ಗಾಟ್ಲೀಬ್ ಕಂಪನಿಯ ಹಂಪ್ಟಿ ಡಂಪ್ಟಿ ಮಷೀನಿನಲ್ಲಿ!