ಹಳೇ ಆಯಿಲ್ ಟ್ಯಾಂಕ್ ಇರುವ ಮನೆ ಕೊಳ್ಳುವ ಮುಂಚೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಹತ್ತಿರ ಅರವತ್ತರ ದಶಕದ ಮನೆ ನೋಡಿದ್ದೀರಿ. ಬೇಸ್‌ಮೆಂಟಲ್ಲಿ ಆಯಿಲ್ ಟ್ಯಾಂಕ್ (ಚಳಿಗೆ ಮನೆ ಬಿಸಿ ಮಾಡಲು ಉರಿಸುವ ಎಣ್ಣೆಯದು) ಇದೆ, ಇನ್‌ಸ್ಪೆಕ್ಟರ್ 'ಟ್ಯಾಂಕಿಗೆ ವಯಸ್ಸಾಗಿದೆ' ಅಂತ ಒಂದು ಸಾಲು ಬರೆದು ಕೈತೊಳೆದುಕೊಂಡಿದ್ದಾರೆ. ಈಗಲೇ ಬದಲಾಯಿಸಬೇಕಾ, ಇಲ್ಲಾ ಇನ್ನೂ ಐದಾರು ವರ್ಷ ತಳ್ಳಬಹುದಾ ಎಂದು ಕೇಳಿದ್ದೀರಿ. ಬದಲಾಯಿಸಿ. ಆದಷ್ಟೂ ಮಾರುವವರ ದುಡ್ಡಲ್ಲೇ ಬದಲಾಯಿಸಿ, ಅಂದರೆ ಆಫರ್ ಚೌಕಾಸಿ ಮಾಡುವಾಗಲೇ ಈ ಮಾತು ಎತ್ತಿ.

ಮ್ಯಾಸಚೂಸೆಟ್ಸ್‌ನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಎಷ್ಟೋ ಬೀದಿಗಳಿಗೆ ಗ್ಯಾಸ್ ಪೈಪೇ ಬಂದಿಲ್ಲ. ಹಾಗಾಗಿ ಆಯಿಲ್ ಅಂದ ಕೂಡಲೇ ಮನೆ ಬಿಡಬೇಕಿಲ್ಲ. ಮಾಮೂಲಿ ಟ್ಯಾಂಕ್ 275 ಗ್ಯಾಲನ್‌ದು, ಸಾವಿರ ಲೀಟರ್‌ಗಿಂತ ಸ್ವಲ್ಪ ಜಾಸ್ತಿ. ಮೇಲೆ ಗಾಳಿಗೆ ಜಾಗ ಬೇಕಲ್ವಾ, ಅದಕ್ಕೆ ಪೂರ್ತಿ ತುಂಬಿಸುವುದಿಲ್ಲ.

ಟ್ಯಾಂಕ್ ಹಾಳಾಗುವುದು ಒಳಗಿಂದ. ಇದೊಂದು ಗೊತ್ತಿಲ್ಲದೆ ಹೊರಗಿನ ಪೇಂಟ್ ನೋಡಿ 'ಚೆನ್ನಾಗೇ ಇದೆಯಲ್ಲ' ಅಂದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಅರ್ಧ ಖಾಲಿ ಟ್ಯಾಂಕಿಗೆ ವೆಂಟ್ ಪೈಪಿಂದ ತೇವದ ಗಾಳಿ ಬರುತ್ತದೆ, ಒಳಗೋಡೆಗೆ ತಾಗಿ ನೀರಾಗುತ್ತದೆ, ನೀರು ಎಣ್ಣೆಗಿಂತ ಭಾರ, ಸೀದಾ ತಳಕ್ಕೆ ಇಳಿದು ಅಲ್ಲಿನ ಕೆಸರಿನ ಜೊತೆ ವರ್ಷಗಟ್ಟಲೆ ಕೂತು ಕಬ್ಬಿಣ ತಿನ್ನುತ್ತದೆ. ಅದಕ್ಕೇ ನೀವು ಮತ್ತೆ ಮನೆ ನೋಡಲು ಹೋದಾಗ ಟಾರ್ಚ್ ತಗೊಂಡು ಹೋಗಿ, ಬಗ್ಗಿ ಟ್ಯಾಂಕಿನ ಹೊಟ್ಟೆ ನೋಡಿ. ಬಿಳಿ ಟಿಶ್ಯೂ ಒಂದನ್ನು ತಳದ ಉದ್ದಕ್ಕೂ, ಮತ್ತೆ ಫಿಲ್ಟರ್ ಇರುವ ಕಡೆ ಒರೆಸಿ. ಮನೆ ಎಣ್ಣೆಗೆ ಕೆಂಪು ಬಣ್ಣ ಹಾಕಿರುತ್ತಾರೆ (ರಸ್ತೆ ತೆರಿಗೆ ಕಟ್ಟಿದ ಡೀಸೆಲ್ ಅಲ್ಲ ಅಂತ ಗುರುತಿಸಲು), ಟಿಶ್ಯೂ ಕೆಂಪಾಗಿ ವಾಸನೆ ಬಂದರೆ ವಿಷಯ ಮುಗಿಯಿತು. ಟಿಶ್ಯೂ ಒಣಗೇ ಬಂದರೆ ಟ್ಯಾಂಕ್ ಗಟ್ಟಿ ಅಂತ ಅರ್ಥ ಅಲ್ಲ, ಇನ್ನೂ ಸೋರಿಲ್ಲ ಅಷ್ಟೇ. ಆಮೇಲೆ, 'ಆಯಿಲ್ ಮನೆ ಅಂದ್ರೆ ಸ್ವಲ್ಪ ವಾಸನೆ ಇದ್ದಿದ್ದೇ' ಅಂತ ಏಜೆಂಟ್ ಹೇಳಿದರೆ ನಂಬಬೇಡಿ. ಸರಿಯಾಗಿರುವ ಮನೆಯಲ್ಲಿ ವಾಸನೆ ಇರುವುದಿಲ್ಲ.

ಟ್ಯಾಂಕ್ ಬದಲಾಯಿಸುವ ಖರ್ಚು ಮೂರು ನಾಲ್ಕು ಸಾವಿರ ಡಾಲರ್ ಆಸುಪಾಸು. ಜಾಗ ಇಕ್ಕಟ್ಟಾದರೆ ಇನ್ನೂ ಮೇಲೆ. ಸೋರಿದರೆ ಮಾತ್ರ ಲೆಕ್ಕವೇ ಬೇರೆ. ಕಾಂಕ್ರೀಟ್ ಒಡೆದು, ಕೆಳಗಿನ ಮಣ್ಣು ಅಗೆದು ಸಾಗಿಸಬೇಕು, ಬಾವಿ ನೀರಿನ ಮನೆಯಾದರೆ ಅದರ ಪರೀಕ್ಷೆ ಬೇರೆ. ಹತ್ತಾರು ಸಾವಿರ ಡಾಲರ್ ಸುಲಭವಾಗಿ ಹೋಗುತ್ತದೆ. 10 ಗ್ಯಾಲನ್ ಅಥವಾ ಹೆಚ್ಚು ಚೆಲ್ಲಿದರೆ 2 ಗಂಟೆಯೊಳಗೆ ರಾಜ್ಯದ ಪರಿಸರ ಇಲಾಖೆಗೆ ತಿಳಿಸಲೇಬೇಕು, ಮುಚ್ಚಿಡುವ ಹಾಗಿಲ್ಲ. ಮನೆ ಇನ್ಶೂರೆನ್ಸ್ ಇದೆಯಲ್ಲ ಅಂತೀರಾ? ಸಾಮಾನ್ಯ ಪಾಲಿಸಿಯಲ್ಲಿ ಆಯಿಲ್ ಸೋರಿಕೆ ಸೇರಿರುವುದು ಅಪರೂಪ. 2010ರಿಂದ ಇಲ್ಲಿನ ಕಾನೂನಿನ ಪ್ರಕಾರ ಕಂಪನಿಗಳು ಈ ಕವರೇಜ್ ಕೊಡಲು ಮುಂದೆ ಬರಲೇಬೇಕು, ನಿಮ್ಮ ಸ್ವಂತ ಜಾಗಕ್ಕೆ ಕನಿಷ್ಠ 50,000 ಡಾಲರ್, ಪಕ್ಕದವರ ನಷ್ಟಕ್ಕೆ 200,000. ಆದರೆ ತಗೊಳ್ಳುವುದು ಬಿಡುವುದು ನಿಮಗೆ ಬಿಟ್ಟಿದ್ದು, ಕೇಳದಿದ್ದರೆ ಯಾರೂ ನೆನಪಿಸುವುದಿಲ್ಲ. ನೀವೇ ಕೇಳಿ ಹಾಕಿಸಿಕೊಳ್ಳಿ.

ಅದೇ ಕಾನೂನಲ್ಲಿ ಇನ್ನೊಂದಿದೆ. ಟ್ಯಾಂಕಿಂದ ಎಣ್ಣೆ ಉರಿಸುವ ಬರ್ನರ್‌ಗೆ ಹೋಗುವ ತಾಮ್ರದ ಸಣ್ಣ ಪೈಪ್ ಹಳೇ ಮನೆಗಳಲ್ಲಿ ಕಾಂಕ್ರೀಟ್ ಒಳಗೇ ಹೂತಿರುತ್ತದೆ, ಅದು ತೂತಾದರೆ ಕಣ್ಣಿಗೂ ಕಾಣುವುದಿಲ್ಲ. ಅದಕ್ಕೆ ಪ್ಲಾಸ್ಟಿಕ್ ಕವಚ ಇರುವ ಲೈನ್ ಇರಬೇಕು, ಇಲ್ಲವಾದರೆ ಸೇಫ್ಟಿ ವಾಲ್ವ್. ಟ್ಯಾಂಕ್ ವಯಸ್ಸಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಈ ಪೈಪಿನ ಬಗ್ಗೆ ಕೇಳುವವರಿಲ್ಲ. ನೀವು ಕೇಳಿ.

ಕೆಲಸ ಮಾಡಿಸುವುದಾದರೆ ಬೇಸಿಗೆಯಲ್ಲಿ ಮಾಡಿಸಿ, ಎಣ್ಣೆ ಕಡಿಮೆ ಇರುವಾಗ. ಪರ್ಮಿಟ್ ಕೊಡುವುದು ಊರಿನ ಫೈರ್ ಡಿಪಾರ್ಟ್‌ಮೆಂಟ್. 'ಪರ್ಮಿಟ್ ಬೇಡ, ಕಡಿಮೆಗೆ ಮಾಡಿಕೊಡ್ತೀನಿ' ಅನ್ನುವವರನ್ನು ಬಾಗಿಲಲ್ಲೇ ಕಳಿಸಿ. ಹಳೇ ಟ್ಯಾಂಕನ್ನು ಅಲ್ಲೇ ಗರಗಸದಲ್ಲಿ ಕತ್ತರಿಸಿ, ಕೆಸರು ಬಳಿದು, ತುಂಡು ತುಂಡಾಗಿ ಮೇಲೆ ಸಾಗಿಸುತ್ತಾರೆ. ಆ ದಿನ ಮನೆಯಲ್ಲಿ ವಾಸನೆ ಖಂಡಿತ, ಮಗು ಇದ್ದರೆ ಬೇರೆ ಕಡೆ ಇರಿ. ಹಳೇ ಎಣ್ಣೆ ಉಳಿಸಿ ಹೊಸದಕ್ಕೆ ಸುರಿಯೋಣ ಅನ್ನಿಸುತ್ತದೆ, ಮೇಲಿನ ತಿಳಿ ಎಣ್ಣೆ ಪರವಾಗಿಲ್ಲ, ತಳದ್ದು ಮಾತ್ರ ಬೇಡವೇ ಬೇಡ. ದುಡ್ಡಿದ್ದರೆ ಎರಡು ಪದರದ ಟ್ಯಾಂಕ್ ಹಾಕಿಸಿ, ಒಳಗೆ ಪ್ಲಾಸ್ಟಿಕ್, ಹೊರಗೆ ಉಕ್ಕು. ಒಳಗಿನದು ಸೋರಿದರೂ ಹೊರಗಿನದು ಹಿಡಿಯುತ್ತದೆ. ಜಾಗ ಉಳಿಯುತ್ತೆ ಅಂತ ಹಿತ್ತಲಲ್ಲಿ ಇಡಿಸಬೇಡಿ, ಇಲ್ಲಿನ ಜನವರಿ ಚಳಿಗೆ ಎಣ್ಣೆ ಗಟ್ಟಿಯಾಗಿ ಲೈನ್ ಕಟ್ಟಿಕೊಳ್ಳುತ್ತದೆ.

ಎಣ್ಣೆ ಬಿಟ್ಟು ಹೀಟ್ ಪಂಪ್‌ಗೆ (ಕರೆಂಟಲ್ಲಿ ಮನೆ ಬಿಸಿ ಮಾಡುವ ಯಂತ್ರ) ಹೋಗುವ ಯೋಚನೆ ಇದ್ದರೆ ಅದೂ ಒಳ್ಳೆಯದೇ, ಮಾಸ್ ಸೇವ್ ಯೋಜನೆಯ ಸಹಾಯಧನ ವಿಚಾರಿಸಿ. ಆದರೆ ಟ್ಯಾಂಕ್ ತೆಗೆಸಿದ ದಿನವೇ ಗೋಡೆಯ ಹೊರಗೆ ಕಾಣುವ, ಎಣ್ಣೆ ತುಂಬುವ ಫಿಲ್ ಪೈಪನ್ನೂ ಕೀಳಿಸಿ, ತೂತು ಮುಚ್ಚಿಸಿ. ಇದು ತಮಾಷೆ ಅಲ್ಲ. ಪೈಪ್ ಹಾಗೇ ಬಿಟ್ಟ ಮನೆಗೆ ಲಾರಿಯವರು ವಿಳಾಸ ತಪ್ಪಿ ಬಂದು, ಇಲ್ಲದ ಟ್ಯಾಂಕಿಗೆ ನೂರಾರು ಗ್ಯಾಲನ್ ಸುರಿದು ಬೇಸ್‌ಮೆಂಟ್ ತುಂಬಿಸಿದ ಘಟನೆಗಳು ನಡೆದಿವೆ.

ಇನ್ನು ದಿನನಿತ್ಯದ್ದು. ವರ್ಷಕ್ಕೊಮ್ಮೆ ಟ್ಯೂನ್‌ಅಪ್, ನಾಜಲ್, ಫಿಲ್ಟರ್ ಬದಲಾಯಿಸಿ ಮಸಿ ತೆಗೆಯುತ್ತಾರೆ, ಅಕ್ಟೋಬರ್‌ಗೆ ಮುಂಚೆ ಮಾಡಿಸಿದರೆ ಡೇಟ್ ಸಿಗುತ್ತದೆ. ಗೇಜ್ ಕಾಲುಭಾಗಕ್ಕೆ ಬಂದರೆ ಆರ್ಡರ್ ಮಾಡಿ. ಇದು ನಮ್ಮೂರ ಸಿಲಿಂಡರ್ ಹಾಗಲ್ಲ, ಖಾಲಿಯಾದ ಮೇಲೆ ಬೇರೆಯದು ಜೋಡಿಸಿದರೆ ಆಯ್ತು ಅನ್ನಲು. ಪೂರ್ತಿ ಖಾಲಿಯಾದರೆ ಲೈನಿಗೆ ಗಾಳಿ ಹೊಕ್ಕು, ಎಣ್ಣೆ ತುಂಬಿಸಿದರೂ ಬರ್ನರ್ ಹೊತ್ತುವುದಿಲ್ಲ, ಗಾಳಿ ತೆಗೆಯಲು ಟೆಕ್ನಿಷಿಯನ್ ಬರಬೇಕು. ಬರ್ನರ್ ಮೇಲಿನ ಕೆಂಪು ರೀಸೆಟ್ ಬಟನ್ ಒಮ್ಮೆ ಒತ್ತಿ ನೋಡಿ. ಮತ್ತೆ ಮತ್ತೆ ಒತ್ತಬೇಡಿ, ಉರಿಯದ ಎಣ್ಣೆ ಒಳಗೆ ಸೇರಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ.

ಎಣ್ಣೆ ತುಂಬುವಾಗ ಸೀಟಿ ಹೊಡೆದ ಹಾಗೆ ಸದ್ದು ಬರುತ್ತದೆ, ಗಾಬರಿ ಬೇಡ. ಒಳಗಿನ ಗಾಳಿ ವೆಂಟಿಂದ ಹೋಗುವ ಸದ್ದು ಅದು. ಅದು ನಿಂತಾಗ ತುಂಬಿತು ಅಂತ ಡ್ರೈವರ್ ನಿಲ್ಲಿಸುತ್ತಾರೆ. ಹಾಗಾಗಿ ಹಿಮ ಬಿದ್ದಾಗ ಫಿಲ್, ವೆಂಟ್ ಎರಡೂ ಪೈಪಿನ ಸುತ್ತ ಹಿಮ ತೆಗೆದಿಡಿ. ವೆಂಟ್ ಮುಚ್ಚಿಹೋದರೆ ಒತ್ತಡಕ್ಕೆ ಟ್ಯಾಂಕೇ ಬಿರಿಯಬಹುದು.

ಡಿಸೆಂಬರಲ್ಲಿ ನಾವೆಲ್ಲ ಊರಿಗೆ ಓಡುತ್ತೇವೆ, ಅಲ್ವಾ. ದುಡ್ಡು ಉಳಿಯಲಿ ಅಂತ ಹೀಟಿಂಗ್ ಆಫ್ ಮಾಡಿ ಹೋಗಬೇಡಿ. ಥರ್ಮೋಸ್ಟಾಟ್ 55 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸದೆ, ಟ್ಯಾಂಕ್ ತುಂಬಿಸಿ, ಪಕ್ಕದವರಿಗೆ ಕೀ ಕೊಟ್ಟು ಹೋಗಿ. ಪೈಪ್ ಒಡೆದರೆ ಟಿಕೆಟ್ ದುಡ್ಡಿನ ಎಷ್ಟೋ ಪಟ್ಟು ಹೋಗುತ್ತದೆ.

ಇನ್ನೊಂದು ಹೇಳಲು ಮರೆಯುತ್ತಿದ್ದೆ. ಟ್ಯಾಂಕಲ್ಲಿ ಉಳಿದ ಎಣ್ಣೆಯ ದುಡ್ಡನ್ನು ಸಾಮಾನ್ಯವಾಗಿ ಕ್ಲೋಸಿಂಗ್ ದಿನ (ಮನೆ ನಿಮ್ಮ ಹೆಸರಿಗೆ ಆಗುವ ದಿನ) ನಿಮ್ಮ ಲೆಕ್ಕಕ್ಕೆ ಸೇರಿಸುತ್ತಾರೆ. ಕೊನೇ ಸಲ ಮನೆ ನೋಡುವಾಗ ಗೇಜ್ ಫೋಟೋ ತೆಗೆದಿಟ್ಟುಕೊಳ್ಳಿ, ಹಳೇ ಗೇಜ್‌ಗಳು ಸಿಕ್ಕಿಹಾಕಿಕೊಳ್ಳುವುದುಂಟು, ಅನುಮಾನ ಬಂದರೆ ಕಡ್ಡಿ ಇಳಿಸಿ ಅಳೆಯಲು ಹೇಳಿ.