ಗಾಲಿಕುರ್ಚಿಯೊಡನೆ ಹಡಗಿನ ಸಾಮಾನ್ಯ ಕ್ಯಾಬಿನ್: ಬಂಗಾರಪೇಟೆಯ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಪಾರ್ಶ್ವವಾಯುವಿನಿಂದ ಎಡಗೈ, ಎಡಗಾಲಿನ ಶಕ್ತಿ ಕುಂದಿರುವ ನಿಮ್ಮ ಶ್ರೀಮತಿಯವರು ಮನೆಯೊಳಗೆ ವಾಕರ್ ಹಿಡಿದು ನಡೆಯುತ್ತಾರೆ, ಹೊರಗೆ ಹೋದರೆ ಗಾಲಿಕುರ್ಚಿ ಬೇಕು ಎಂದು ಬರೆದಿದ್ದೀರಿ. ಮಕ್ಕಳು ನಿಮ್ಮಿಬ್ಬರನ್ನೂ ಮುಂಬೈಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಕಳುಹಿಸಲು ಆಸೆಪಟ್ಟಿದ್ದಾರೆ. ವಿಕಲಚೇತನರಿಗೆ ಮೀಸಲಾದ ಕ್ಯಾಬಿನ್‌ಗಳು ಭರ್ತಿಯಾಗಿವೆ, ಸಾಮಾನ್ಯ ಕ್ಯಾಬಿನ್ನಿನಲ್ಲೇ ಹೇಗೋ ನಡೆಯುತ್ತದೆ ಎಂದು ಏಜೆಂಟರು ಹೇಳಿದ್ದಾರೆ. ಅದನ್ನು ನಂಬಬಹುದೇ ಎಂಬುದು ನಿಮ್ಮ ಪ್ರಶ್ನೆ.

ಅವರು ಕುರ್ಚಿಯಿಂದ ಎದ್ದು, ಒಬ್ಬರ ಆಸರೆಯಲ್ಲಿ ಏಳೆಂಟು ಹೆಜ್ಜೆ ನಡೆದು, ಒಂದು ಎತ್ತರದ ಹೊಸ್ತಿಲನ್ನು ಹಗಲೂ ರಾತ್ರಿಯೂ ದಾಟಬಲ್ಲರಾದರೆ ಹೋಗಬಹುದು. ಅಷ್ಟು ಸಾಧ್ಯವಿಲ್ಲವೆಂದಾದರೆ, ಯಾರು ಎಷ್ಟೇ ಧೈರ್ಯ ಹೇಳಿದರೂ, ಮೀಸಲು ಕ್ಯಾಬಿನ್ ಸಿಗುವ ಮುಂದಿನ ಯಾನದವರೆಗೆ ಕಾಯಿರಿ ಎಂದೇ ನಾನು ಹೇಳುತ್ತೇನೆ.

ಹಲವು ಹಡಗುಗಳಲ್ಲಿ ಸಾಮಾನ್ಯ ಕ್ಯಾಬಿನ್ನಿನ ಬಾಗಿಲು 22ರಿಂದ 24 ಅಂಗುಲ ಅಗಲವಷ್ಟೇ ಇರುತ್ತದೆ. ಮೀಸಲು ಕ್ಯಾಬಿನ್ನಿನದು ಸುಮಾರು 32 ಅಂಗುಲ. ನಿಮ್ಮದು 18 ಅಂಗುಲದ ಕುರ್ಚಿಯೆಂದು ಬರೆದಿದ್ದೀರಿ. ಆದರೆ ಅದು ಕೂರುವ ಜಾಗದ ಅಳತೆ. ಚಕ್ರಗಳನ್ನೂ ಕೈಯಿಂದ ತಳ್ಳುವ ಬಳೆಗಳನ್ನೂ ಸೇರಿಸಿ ಹೊರಗಿನಿಂದ ಹೊರಕ್ಕೆ ಅಳೆದರೆ ಅದೇ ಕುರ್ಚಿ 25 ಅಂಗುಲದ ಆಸುಪಾಸಿಗೆ ಬರುತ್ತದೆ. ಆದ್ದರಿಂದ ಬಾಗಿಲು ಪೂರ್ತಿ ತೆರೆದಾಗ ಉಳಿಯುವ ಜಾಗ ಎಷ್ಟು ಅಂಗುಲವೆಂದು ಕಂಪನಿಯಿಂದಲೇ ಬರಹದಲ್ಲಿ ತರಿಸಿಕೊಳ್ಳಿ. ಕುರ್ಚಿ ಮಡಿಸುವಂಥದ್ದಾಗಿದ್ದರೆ ಬಾಗಿಲಲ್ಲಿ ಮಡಿಸಿ ಒಳಗೆ ಇಟ್ಟುಕೊಳ್ಳಬಹುದು. ಬೆಂಕಿ ಬಿದ್ದಾಗ ಜನ ಓಡುವ ದಾರಿ ಅದೇ ಆಗಿರುವುದರಿಂದ ಓಣಿಯಲ್ಲಿ ಕುರ್ಚಿ ನಿಲ್ಲಿಸಲು ಬಿಡುವುದಿಲ್ಲ. ಹಡಗಿನವರು ಕೊಡುವ ಕುರ್ಚಿ ಸಾಮಾನ್ಯವಾಗಿ ಹತ್ತಿ ಇಳಿಯುವುದಕ್ಕೆ ಮಾತ್ರ. ಅದನ್ನು ನಂಬಿ ನಿಮ್ಮದನ್ನು ಮನೆಯಲ್ಲಿ ಬಿಟ್ಟುಹೋಗಬೇಡಿ.

ಬಾಗಿಲಿಗಿಂತ ನನಗೆ ಹೆಚ್ಚು ಆತಂಕವಿರುವುದು ಬಚ್ಚಲಿನ ಬಗ್ಗೆ. ನೀರು ಹೊರಗೆ ಹರಿಯದಂತೆ ಅಲ್ಲಿ ನಾಲ್ಕರಿಂದ ಆರು ಅಂಗುಲ ಎತ್ತರದ ಅಂಚು ಕಟ್ಟಿರುತ್ತಾರೆ. ನಮ್ಮ ಹಳೆಯ ಮನೆಗಳ ಹೊಸ್ತಿಲಿನಷ್ಟೇ ಎತ್ತರವಾದರೂ ಅಲ್ಲಿ ನೆಲ ಒದ್ದೆ, ಜಾಗ ಇಕ್ಕಟ್ಟು, ಹಡಗು ತೂಗುತ್ತಿರುತ್ತದೆ. ನಿಮ್ಮ ಶ್ರೀಮತಿಯವರಿಗೆ ಹಿಡಿತವಿರುವುದು ಬಲಗೈಯಲ್ಲಿ ಮಾತ್ರ. ಒಳಗೆ ಹೋಗುವಾಗ ಬಲಕ್ಕೆ ಸಿಗುವ ಹಿಡಿಕಂಬಿ ಹೊರಗೆ ಬರುವಾಗ ಎಡಕ್ಕಾಗುತ್ತದೆ. ಅಕ್ಕಪಕ್ಕದ ಕ್ಯಾಬಿನ್‌ಗಳ ವಿನ್ಯಾಸ ಎಷ್ಟೋ ಹಡಗುಗಳಲ್ಲಿ ಎಡಬಲ ತಿರುವುಮುರುವಾಗಿರುವುದರಿಂದ, ಕಮೋಡಿನ ಪಕ್ಕದ ಕಂಬಿ ಅವರ ಬಲಗೈಗೆ ಎಟುಕುವಂಥ ಕ್ಯಾಬಿನ್ನನ್ನು ಕೇಳಿ ಪಡೆಯಬಹುದು. ಸ್ನಾನಕ್ಕೆ ಕೂರುವ ಸ್ಟೂಲನ್ನೂ ಮೊದಲೇ ಕೇಳಿಡಿ. ಗೋಡೆಗೆ ಅಂಟಿಸುವ ರಬ್ಬರ್ ಹಿಡಿಗಳು ಅಂಗಡಿಗಳಲ್ಲಿ ಸಿಗುತ್ತವೆ, ಆದರೆ ಮೈಭಾರ ಬಿದ್ದರೆ ಅವು ಕಿತ್ತುಬರುತ್ತವೆ. ದಯವಿಟ್ಟು ಅವುಗಳನ್ನು ಆಧಾರವಾಗಿ ಬಳಸಬೇಡಿ.

ಹಣ ಕಟ್ಟುವ ಮೊದಲು ಮನೆಯಲ್ಲೇ ಒಮ್ಮೆ ಪರೀಕ್ಷಿಸಿ. ಜಗಲಿಯ ಮೇಲೆ ಸೀಮೆಸುಣ್ಣದಿಂದ 22 ಅಂಗುಲ ಅಂತರದಲ್ಲಿ ಎರಡು ಗೆರೆ ಎಳೆದು, ನಡುವೆ ಐದಾರು ಅಂಗುಲದ ಒಂದು ಗಟ್ಟಿ ಹಲಗೆಯನ್ನು ಅಡ್ಡಲಾಗಿ ನಿಲ್ಲಿಸಿ, ಅವರು ಅದನ್ನು ದಾಟುವುದನ್ನು ನಿಮ್ಮ ಫಿಸಿಯೋಥೆರಪಿಸ್ಟ್ ಜೊತೆಗಿದ್ದು ನೋಡಲಿ. ಯಾವ ಕಾಲು ಮೊದಲು, ನೀವು ಯಾವ ಕಡೆ ನಿಂತು ಹಿಡಿಯಬೇಕು ಎಂಬುದನ್ನು ಅವರೇ ಕಲಿಸುತ್ತಾರೆ.

ಕ್ಯಾಬಿನ್ ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ, ಲಿಫ್ಟಿಗೆ ಹತ್ತಿರವಿರಲಿ. ಅಲ್ಲಿ ತೂಗಾಟ ಕಡಿಮೆ. ಟೀಪಾಯಿಯನ್ನು ಹೊರಗಿಡಲು ಕ್ಯಾಬಿನ್ ನೋಡಿಕೊಳ್ಳುವ ಸಿಬ್ಬಂದಿಗೆ ಹೇಳಿದರೆ ನಡೆಯಲು ಜಾಗವಾಗುತ್ತದೆ. ಹತ್ತಿದ ದಿನ ನಡೆಯುವ ಸುರಕ್ಷತಾ ತಾಲೀಮನ್ನು ತಪ್ಪಿಸಬೇಡಿ. ಅಪಾಯದ ಹೊತ್ತಿನಲ್ಲಿ ಲಿಫ್ಟನ್ನು ನಂಬುವಂತಿಲ್ಲವಾದ್ದರಿಂದ, ಮೆಟ್ಟಿಲಲ್ಲಿ ನಿಮ್ಮ ಶ್ರೀಮತಿಯವರಿಗೆ ನೆರವು ಬೇಕೆಂಬುದು ಹಡಗಿನವರ ಪಟ್ಟಿಯಲ್ಲಿ ಇರಲೇಬೇಕು.

ಲಕ್ಷದ್ವೀಪದ ವಿಷಯವನ್ನು ಏಜೆಂಟರು ನಿಮಗೆ ಹೇಳಿದಂತಿಲ್ಲ. ಅಲ್ಲಿ ದೊಡ್ಡ ಹಡಗು ಹೊರಗೆ ಲಂಗರು ಹಾಕಿ, ಪ್ರಯಾಣಿಕರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಒಯ್ಯುತ್ತಾರೆ. ಅಲೆ ಎದ್ದಾಗ ಗಾಲಿಕುರ್ಚಿಯವರನ್ನು ದೋಣಿಗೆ ಇಳಿಸಲು ಸಿಬ್ಬಂದಿ ನಿರಾಕರಿಸಬಹುದು. ಹಡಗಿನ ಮೇಲಿಂದಲೇ ದ್ವೀಪ ನೋಡಿ ತೃಪ್ತಿಪಡಲು ಅವರು ಸಿದ್ಧರೇ ಎಂದು ಕೇಳಿ. ಇಲ್ಲವೆಂದರೆ, ಹಡಗು ನೇರವಾಗಿ ಕಟ್ಟೆಗೆ ಬಂದು ನಿಲ್ಲುವ ಗೋವಾ ಅಥವಾ ಕೊಚ್ಚಿಯ ಯಾನವೇ ಅವರಿಗೆ ಮೇಲು.

ನಾಲ್ಕು ಹೆಜ್ಜೆ ನಡೆಯಬಲ್ಲವರು ಮೀಸಲು ಕ್ಯಾಬಿನ್ ಕೇಳಿದರೆ ಇನ್ನೊಬ್ಬರ ಪಾಲು ಕಸಿದಂತಾಗುವುದೇ ಎಂಬ ನಿಮ್ಮ ಸಂಕೋಚ ನನ್ನ ಮನಸ್ಸನ್ನು ತಟ್ಟಿತು. ಖಂಡಿತ ಇಲ್ಲ. ಅದು ಅವರಂಥವರಿಗಾಗಿಯೇ ಇರುವುದು. ಸಾರಿಗೆಯೂ ವಿಕಲಚೇತನರಿಗೆ ಸುಗಮವಾಗಿರಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ಕಾಯುವವರ ಪಟ್ಟಿಯಲ್ಲಿ ಇಂದೇ ಅವರ ಹೆಸರು ಬರೆಸಿ. ಅದು ಸಿಗುವವರೆಗೆ ಸಾಮಾನ್ಯ ಕ್ಯಾಬಿನ್ ಕಾದಿರಿಸುವುದಾದರೆ, ಯಾವ ದಿನಾಂಕದೊಳಗೆ ರದ್ದು ಮಾಡಿದರೆ ಎಷ್ಟು ಹಣ ಹಿಂತಿರುಗುತ್ತದೆಂಬುದನ್ನೂ ಬಾಗಿಲಿನ ಅಳತೆಯ ಜೊತೆಗೇ ಬರಹದಲ್ಲಿ ಪಡೆದು, ಆಮೇಲೆ ಮುಂಗಡ ಕೊಡಿ.

ಸಂಪಾದಕ, ಕೋಲಾರ