ಎದುರಿನ ಅಪಾರ್ಟ್‌ಮೆಂಟ್ ಸಮುದ್ರ ಮರೆಮಾಡಿದರೆ ತಡೆಯಬಹುದೇ?

ಕಡಲ ನೋಟ ಹೋಯಿತು ಎಂಬ ಒಂದೇ ಕಾರಣಕ್ಕೆ ತಡೆಯಾಜ್ಞೆ ಸಿಗುವುದಿಲ್ಲ. 1882ರ ಈಸ್‌ಮೆಂಟ್ (ಬೇರೆಯವರ ಜಾಗದ ಮೇಲಿನ ಅನುಭೋಗದ ಹಕ್ಕು) ಕಾಯ್ದೆಯ 15ನೇ ಕಲಂ ಇಂಥ ಪ್ರಸಂಗದಲ್ಲಿ ಕಾಯುವುದು ನಿಮ್ಮ ಕಟ್ಟಡಕ್ಕೆ 20 ವರ್ಷ ಅಡೆತಡೆಯಿಲ್ಲದೆ ಬಂದ ಗಾಳಿ-ಬೆಳಕನ್ನು ಮಾತ್ರ. ಅದಕ್ಕೂ ಅಡ್ಡಿಯಾದ ಎರಡು ವರ್ಷದೊಳಗೆ ದಾವೆ ಹೂಡಬೇಕು.

ಹಾಗಾಗಿ ಆಕ್ಷೇಪಣೆಯಲ್ಲಿ ನೋಟದ ಮಾತು ಬಿಟ್ಟು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಹಿಡಿಯಿರಿ. ಕೊಚ್ಚಿಯ ಮರಡಿನಲ್ಲಿ 2020ರ ಜನವರಿಯಲ್ಲಿ ನಾಲ್ಕು ವಸತಿ ಸಮುಚ್ಚಯಗಳನ್ನು ಸ್ಫೋಟಿಸಿ ಕೆಡವಿದ್ದು ಈ ನಿಯಮ ಮೀರಿದ್ದಕ್ಕೇ. ಮಂಗಳೂರು, ಉಡುಪಿ ಕಡೆಯವರಾದರೆ ಮೊದಲು ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ಆ ಜಾಗದ ಸರ್ವೆ ನಂಬರ್ ಹುಡುಕಿ. 2019ರ ಸಿಆರ್‌ಝಡ್ ಅಧಿಸೂಚನೆ ಪ್ರಕಾರ, ನಗರದ ವಲಯ 2ರಲ್ಲಿ ಈಗಿರುವ ರಸ್ತೆ ಅಥವಾ ಅಧಿಕೃತ ಕಟ್ಟಡದ ಸಾಲಿನಿಂದ ಭೂಮಿಯ ಕಡೆಗಷ್ಟೇ ಕಟ್ಟಬಹುದು. ಗ್ರಾಮೀಣ ವಲಯ 3ಬಿಯಲ್ಲಿ ಕಡಲಿನ ಭರತರೇಖೆಯಿಂದ (ಉಬ್ಬರದ ನೀರು ತಲುಪುವ ಗಡಿ) 200 ಮೀಟರ್ ನಿರ್ಮಾಣ ನಿಷಿದ್ಧ. ಜನದಟ್ಟಣೆಯ 3ಎಯಲ್ಲಿ ಅದು 50 ಮೀಟರ್. ಬಹಳ ಜನ ಎಡವುವುದು ಇಲ್ಲೇ: ಅಳತೆಯನ್ನು ಮರಳಿನ ಅಂಚಿನಿಂದ ಹಿಡಿಯುತ್ತಾರೆ, ನಕ್ಷೆಯ ರೇಖೆಯಿಂದ ಅಲ್ಲ.

ಮಾಹಿತಿ ಹಕ್ಕಿನಡಿ ಮಂಜೂರಾದ ಪ್ಲಾನ್ ಮತ್ತು ಸಿಆರ್‌ಝಡ್ ಅನುಮತಿಯ ಪ್ರತಿ ಪಡೆಯಿರಿ. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ), ಮಹಡಿಗಳ ಸಂಖ್ಯೆಯನ್ನೂ ತಾಳೆ ನೋಡಿ. ಉಲ್ಲಂಘನೆ ಕಂಡರೆ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ ದೂರು ಕೊಡಿ. ಆದರೆ ಅದರ ಉತ್ತರಕ್ಕೆ ಕಾಯುತ್ತಾ ಕೂರಬೇಡಿ. ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಅರ್ಜಿ ಹಾಕಲು ಆರು ತಿಂಗಳು, ಅನುಮತಿ ಆದೇಶದ ವಿರುದ್ಧ ಮೇಲ್ಮನವಿಗೆ ಬರೀ 30 ದಿನ.